50 ಯಾರ್ಡ್ ಆಸೆ ಬಿಟ್ಟೆ, ಟೀಮು ಸೇರಿದೆ: ವಾಕ್-ಆನ್ ಕಿಕ್ಕರ್ ಆದ ನನ್ನ ಅನುಭವ

ಸ್ಕಾಲರ್‌ಶಿಪ್ ಇರಲಿಲ್ಲ. ಹೈಸ್ಕೂಲಿನ ವಿಡಿಯೋ ಇರಲಿಲ್ಲ. ಅಮೆರಿಕಕ್ಕೆ ಬರುವ ತನಕ ಹೆಲ್ಮೆಟ್ ಮುಟ್ಟಿದವನೂ ಅಲ್ಲ. ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಲೆಫ್ಟ್ ಬ್ಯಾಕ್ ಆಡಿಕೊಂಡಿದ್ದ ಹುಡುಗ ನಾನು. ಈಗ ಮಿಡ್‌ವೆಸ್ಟ್‌ನ ಒಂದು ಡಿವಿಷನ್ ಒನ್ (ಕಾಲೇಜು ಆಟದ ಮೇಲಿನ ದರ್ಜೆ) ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮಿನಲ್ಲಿ ಕಿಕ್ಕರ್, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದೆಯುವವ. ಸ್ಕಾಲರ್‌ಶಿಪ್ ಇಲ್ಲದೆ ಟ್ರೈಔಟ್ (ಆಯ್ಕೆ ಪರೀಕ್ಷೆ) ಕೊಟ್ಟು ಹೀಗೆ ಸೇರುವವರಿಗೆ ವಾಕ್-ಆನ್ ಅನ್ನುತ್ತಾರೆ. ನಾನು ಹಿಡಿದ ದಾರಿಯನ್ನು ಶುರುವಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಓದೋಕೆ ಕಳಿಸಿದ್ದು ಕಣೋ, ಒದೆಯೋಕಲ್ಲ" ಅಂದರು ಅಪ್ಪ. ಇಲ್ಲಿನ ಗೆಳೆಯರದು ಬೇರೆ ರಾಗ. ದೂರ ಒದಿ, 50 ಯಾರ್ಡ್ ದಾಟಿದ ವಿಡಿಯೋ ಇಲ್ಲದಿದ್ದರೆ ಕೋಚ್ ತಿರುಗಿಯೂ ನೋಡುವುದಿಲ್ಲ ಅಂತ. ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ಸ್ಟ್ಯಾಂಡ್ ಮೇಲೆ ಚೆಂಡಿಟ್ಟು ಒದ್ದರೆ 50 ಆರಾಮಾಗಿ ಹೋಗುತ್ತಿತ್ತು. ಸೆಪ್ಟೆಂಬರ್ ಟ್ರೈಔಟ್‌ನಲ್ಲಿ ನಿಜವಾದ ಸ್ನ್ಯಾಪ್ ಬಂತು ನೋಡಿ, ಕಥೆಯೇ ಬೇರೆ. ಸ್ನ್ಯಾಪ್ ಅಂದರೆ ಮುಂದಿನವನು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುವುದು; ಹೋಲ್ಡರ್ ಅದನ್ನು ಹಿಡಿದು ನೆಲಕ್ಕಿಡುತ್ತಾನೆ, ಕಿಕ್ಕರ್ ಒದೆಯುತ್ತಾನೆ. ಚೆಂಡು ಹೊರಟಾಗಿನಿಂದ ನನ್ನ ಕಾಲಿಗೆ ತಾಗುವಷ್ಟರಲ್ಲಿ 1.6 ಸೆಕೆಂಡ್. ಬೇಕಿದ್ದದ್ದು 1.3. ಸ್ಪೆಷಲ್ ಟೀಮ್ಸ್ (ಒದೆಯುವ ಆಟಗಳ) ಕೋಚ್ ಚೆಂಡು ಹೋದ ಕಡೆ ನೋಡಲೇ ಇಲ್ಲ, ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿ ಮುಂದಿನವನನ್ನು ಕರೆದರು.

ಅವತ್ತೇ ತೀರ್ಮಾನ ಮಾಡಿದೆ. ದೂರ ಬೇಡ. 33ರಿಂದ 40 ಯಾರ್ಡ್ ಒಳಗೆ, 1.3ರಲ್ಲಿ, ಎತ್ತರಕ್ಕೆ. ಇಷ್ಟೇ. ಇಡೀ ಚಳಿಗಾಲ, ಬೇಸಿಗೆ ಬೇರೇನೂ ಒದೆಯಲಿಲ್ಲ.

ನಮ್ಮ ಫುಟ್‌ಬಾಲ್ (ಇಲ್ಲಿನವರ ಸಾಕರ್) ಆಡಿದವರಿಗೆ ಎತ್ತರವೇ ಕಷ್ಟ. ಶಾಟ್ ಹೊಡೆಯುವಾಗ ಎದೆ ಚೆಂಡಿನ ಮೇಲೆ ಬಾಗಿಸಿ, ಮೇಲಕ್ಕೆ ಹೋಗದ ಹಾಗೆ ಹೊಡೆಯುವುದನ್ನೇ ಚಿಕ್ಕಂದಿನಿಂದ ಕಲಿತಿರುತ್ತೇವೆ. ಇಲ್ಲಿ ಎದುರಿಗೆ ಆರೂವರೆ ಅಡಿ ಆಳುಗಳು ಕೈ ಎತ್ತಿ ನೆಗೆಯುತ್ತಾರೆ. ಅವರ ಸಾಲು ದಾಟುವಾಗ ಚೆಂಡು ಹತ್ತು ಅಡಿಗಿಂತ ಮೇಲಿರಬೇಕು. ಗೆಳೆಯನೊಬ್ಬನ ಪಿಕಪ್ ಟ್ರಕ್ಕನ್ನು ಎಂಟು ಯಾರ್ಡ್ ಮುಂದೆ ನಿಲ್ಲಿಸಿ, ಅವನನ್ನು ಹಿಂದೆ ಹತ್ತಿಸಿ, ಕೈಗೆ ಪೊರಕೆ ಕೊಟ್ಟು ಎತ್ತಿ ಹಿಡಿಸಿದೆ. ಮೊದಮೊದಲು ಅರ್ಧಕ್ಕರ್ಧ ಪೊರಕೆಗೇ ತಾಗುತ್ತಿದ್ದವು. ಊರಿಕೊಳ್ಳುವ ಕಾಲನ್ನು ಚೆಂಡಿನಿಂದ ಎಷ್ಟು ದೂರ, ಎಷ್ಟು ಹಿಂದೆ ಇಡಬೇಕು ಅನ್ನುವುದು ಸರಿಹೋದ ಮೇಲೆ ಹತ್ತಕ್ಕೆ ಒಂಬತ್ತು ಮೇಲಿಂದ ಹೋದವು. ಆ ಅಳತೆಯನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ನಾನಿನ್ನೂ ಜಾಗಕ್ಕೆ ಪೈಪೋಟಿ ಮಾಡುತ್ತಿದ್ದೇನೆ.

ಇನ್ನೊಂದು ತೊಂದರೆ ಗೋಲ್ ಕಂಬದ್ದು. ಕಾಲೇಜಿನಲ್ಲಿ ಅಗಲ 18 ಅಡಿ 6 ಇಂಚು. ಹೊರಗಿನವರಿಗೆ ಒದೆಯಲು ಸಿಗುವುದು ಹೈಸ್ಕೂಲ್ ಮೈದಾನ, ಅಲ್ಲಿ 23 ಅಡಿ 4 ಇಂಚು. ಅದರಲ್ಲಿ ಒದ್ದು ಒದ್ದು ಎಲ್ಲವೂ ಒಳಗೆ ಹೋಯಿತು ಅಂತ ಖುಷಿಪಟ್ಟರೆ ಟ್ರೈಔಟ್‌ನಲ್ಲಿ ಬಲಗಂಬಕ್ಕೆ ಬಡಿಯುತ್ತದೆ. ನಾನು ಮೈದಾನದ ಮೂಲೆಗೆ ಹೋಗಿ ಒಂದೇ ಕಂಬಕ್ಕೆ ಗುರಿಯಿಟ್ಟು ಒದ್ದೆ. ಕಂಬ ಠಣ್ ಅಂದರೆ ಮಾತ್ರ ಲೆಕ್ಕ.

ಸ್ನ್ಯಾಪ್ ಇಲ್ಲದೆ 1.3 ಕಲಿಯಲು ಆಗುವುದಿಲ್ಲ. ಟೀಮಿನ ಮೂರನೇ ಲಾಂಗ್ ಸ್ನ್ಯಾಪರ್ (ಸ್ನ್ಯಾಪ್ ಎಸೆಯುವವ) ನನ್ನ ಕೆಮಿಸ್ಟ್ರಿ ಲ್ಯಾಬಿನಲ್ಲಿದ್ದ. ಅವನಿಗೂ ಪ್ರಾಕ್ಟೀಸ್ ಜಾಸ್ತಿ ಬೇಕಿತ್ತು. ಭಾನುವಾರ ನನ್ನ ರೂಮಿನಲ್ಲಿ ಊಟ ಹಾಕಿದರೆ ಸಾಕು, ಕೈ ಸೋಲುವ ತನಕ ಸ್ನ್ಯಾಪ್ ಮಾಡುತ್ತಿದ್ದ. ಹೋಲ್ಡರ್ ಆಗಿ ಕೂತವರು ಎಂ.ಎಸ್. ಓದುತ್ತಿದ್ದ ಹುಬ್ಬಳ್ಳಿಯ ಅಣ್ಣ ಒಬ್ಬರು. "ಬೆರಳು ಮುರದ್ರ ಥೀಸಿಸ್ ನೀನ ಟೈಪ್ ಮಾಡ್ಬೇಕು ನೋಡಪಾ" ಅನ್ನುತ್ತಲೇ, ಚೆಂಡಿನ ಹೊಲಿಗೆ ಗೋಲಿನ ಕಡೆ ತಿರುಗುವ ಹಾಗೆ ಹಿಡಿಯುವುದನ್ನು ಪಕ್ಕಾ ಕಲಿತರು. ಟೀಮಿನ ಹೋಲ್ಡರ್‌ಗಿಂತ ಅವರೇನೂ ಕಮ್ಮಿ ಇರಲಿಲ್ಲ.

ಮಧ್ಯೆ ಬರಿಗಾಲಲ್ಲೂ ಒದ್ದು ನೋಡಿದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹಿಂದೆ ಟೋನಿ ಫ್ರಾಂಕ್ಲಿನ್, ರಿಚ್ ಕಾರ್ಲಿಸ್ ಬರಿಗಾಲಲ್ಲೇ ಒದೆಯುತ್ತಿದ್ದರು. ನಾವೂ ಬರಿಗಾಲಲ್ಲೇ ಬೆಳೆದವರು ಅಲ್ವಾ? ಅಕ್ಟೋಬರ್ ತನಕ ಚೆನ್ನಾಗಿತ್ತು, ಚೆಂಡು ಕಾಲಿಗೆ ಒಳ್ಳೆ ಹಿಡಿತಕ್ಕೆ ಸಿಗುತ್ತಿತ್ತು. ನವೆಂಬರ್‌ನಲ್ಲಿ ಚೆಂಡು ಕಲ್ಲಾಯಿತು. ಅಲ್ಲಿಗೆ ಬಿಟ್ಟೆ. ಆದರೆ ಒಂದು ವಿಷಯ ಗೊತ್ತಾಯಿತು: ಕೊರೆಯುವ ಚಳಿಯಲ್ಲಿ ನನ್ನ ಕಿಕ್ ಐದು ಯಾರ್ಡ್ ಆದರೂ ಕಮ್ಮಿ ಬೀಳುತ್ತದೆ. ದೂರ ನಂಬಿಕೊಂಡವರಿಗೆ ಡಿಸೆಂಬರ್ ದುಬಾರಿ. ನನ್ನ 38 ಯಾರ್ಡ್‌ಗೆ ಚಳಿ ಏನೂ ಮಾಡಲಿಲ್ಲ.

ಈಗ ದುಡ್ಡಿನ ಮಾತು. ಕಾಲೇಜು ಆಟ ನಡೆಸುವ ಎನ್‌ಸಿಎಎ ಸಂಸ್ಥೆಯ ಎಲಿಜಿಬಿಲಿಟಿ ಸೆಂಟರ್‌ಗೆ (ಆಡಲು ಅರ್ಹತೆ ಇದೆಯಾ ಅಂತ ನೋಡುವ ಕಚೇರಿ) ಹೊರದೇಶದ ವಿದ್ಯಾರ್ಥಿ ಕಟ್ಟುವ ಫೀಸು 150 ಡಾಲರ್ ಮೇಲೆ. ಹೊಸ ವಿಲ್ಸನ್ ಲೆದರ್ ಚೆಂಡು ಒಂದಕ್ಕೆ ನೂರರ ಆಸುಪಾಸು. ನಾನು ಹಳೇ ಚೆಂಡು ಐದಾರು ತಗೊಂಡೆ, ಒಂದೊಂದಕ್ಕೆ 30, 35 ಡಾಲರ್. ಹಳೇ ಚೆಂಡೇ ವಾಸಿ, ಹೊಸದು ಬಿರುಸು. ಒಂದು ಕಿಕ್ಕಿಂಗ್ ಕ್ಯಾಂಪಿಗೆ ಬಸ್ಸು, ರೂಮು ಸೇರಿ 600 ಡಾಲರ್ ಹತ್ತಿರ ಸುರಿದೆ. ಅಲ್ಲಿ ರ‍್ಯಾಂಕ್ ಕೊಟ್ಟರು, ತಿದ್ದಿದ್ದು ಬಹಳ ಕಮ್ಮಿ. ನನ್ನ ಮಟ್ಟಿಗೆ ಅದು ದಂಡ. ಕ್ಯಾಂಪಸ್ ಕ್ಯಾಂಟೀನಿನಲ್ಲಿ ವಾರಕ್ಕೆ 20 ಗಂಟೆ ತಟ್ಟೆ ತೊಳೆದ ದುಡ್ಡು ಅದು. ಎಫ್-1 ವಿದ್ಯಾರ್ಥಿ ವೀಸಾದವರು ಕ್ಲಾಸ್ ನಡೆಯುವಾಗ ಕ್ಯಾಂಪಸ್‌ನಲ್ಲಿ ಅದಕ್ಕಿಂತ ಜಾಸ್ತಿ ಕೆಲಸ ಮಾಡಲು ಬರುವುದಿಲ್ಲ. ಟೀಮಿನ ಹುಡುಗರು ಜಾಹೀರಾತಿನಿಂದ ಗಳಿಸುವ ದುಡ್ಡಿಗೂ ಅದೇ ವೀಸಾ ಅಡ್ಡ.

ಟೀಮು ಸೇರಿದ ಮೇಲೆ ಉಳಿತಾಯ ಆಗಿದ್ದು ಊಟದಲ್ಲಿ. 2014ರಿಂದ ಡಿವಿಷನ್ ಒನ್ ಕಾಲೇಜುಗಳು ವಾಕ್-ಆನ್ ಹುಡುಗರಿಗೂ ಎಷ್ಟು ಬೇಕಾದರೂ ಊಟ ಕೊಡಬಹುದು. ತಿಂಗಳಿಗೆ ಇನ್ನೂರು ಡಾಲರಾದರೂ ನನಗೆ ಉಳಿಯುತ್ತಿದೆ. ಅಪ್ಪ ಮೆತ್ತಗಾಗಿದ್ದು ಈ ಲೆಕ್ಕ ಕೇಳಿದ ಮೇಲೆಯೇ.

ಎರಡನೇ ಟ್ರೈಔಟ್ ಜನವರಿ ಕೊನೆಯಲ್ಲಿ, ಒಳಾಂಗಣದಲ್ಲಿ. ಬಂದವರಲ್ಲಿ ಮುಕ್ಕಾಲು ಪಾಲು ರಿಸೀವರ್‌ಗಳು (ಚೆಂಡು ಹಿಡಿಯುವವರು), ಅವರನ್ನು ತಡೆಯುವ ಡಿಫೆನ್ಸಿವ್ ಬ್ಯಾಕ್‌ಗಳು. ಕಿಕ್ಕರ್‌ಗಳ ಸರದಿ ಕೊನೆಗೆ. ಅಷ್ಟರಲ್ಲಿ ಕಾಲು ತಣ್ಣಗಾಗಿರುತ್ತದೆ. ಕಾಲು ಬಿಸಿ ಇಟ್ಟುಕೊಳ್ಳಲು ನಾನು ಮಾಡಿದ್ದೂ ಗುಟ್ಟಾಗಿಯೇ ಇರಲಿ. ನನಗಿಂತ ಮುಂಚಿನವನು 52 ಯಾರ್ಡ್ ಹೊಡೆದ, ಜನ ಚಪ್ಪಾಳೆ ತಟ್ಟಿದರು. ನಾನು ಕೊಟ್ಟಿದ್ದನ್ನೆಲ್ಲ 40ರ ಒಳಗೆ, ನಡುಮಧ್ಯಕ್ಕೆ ಹಾಕಿದೆ. ಕೋಚ್ ಈ ಸಲವೂ ವಾಚನ್ನೇ ನೋಡುತ್ತಿದ್ದರು. 1.28, 1.3, 1.27. ಮುಗಿದ ಮೇಲೆ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: ಬೆಳಗ್ಗೆ ಆರಕ್ಕೆ ಕ್ಲಾಸ್ ಏನಾದರೂ ಇದೆಯಾ ಅಂತ. ಹೋದ ಸೀಸನ್‌ನಲ್ಲಿ ನಮ್ಮ ಮೈದಾನದಲ್ಲೇ ಎಕ್ಸ್‌ಟ್ರಾ ಪಾಯಿಂಟ್‌ಗಳನ್ನು (ಟಚ್‌ಡೌನ್ ಆದ ಮೇಲೆ ಒಂದು ಅಂಕಕ್ಕೆ ಒದೆಯುವ ಕಿಕ್) ಒದ್ದೆ. ಒಂದೂ ತಪ್ಪಲಿಲ್ಲ. ಆಟ ಶುರುಮಾಡುವ ಉದ್ದನೆಯ ಕಿಕ್‌ಆಫ್ ನನ್ನದಲ್ಲ, ಅದಕ್ಕೆ ದೊಡ್ಡ ಕಾಲಿನವನು ಬೇರೆ ಇದ್ದಾನೆ.

ಸಾಕರ್ ಹುಡುಗನಿಗೆ ಇದೆಲ್ಲ ಯಾಕೆ ಅಂತ ಕೇಳಿದವರಿಗೆ ನಾನು ಪೀಟ್ ಗೊಗೊಲಾಕ್ ಹೆಸರು ಹೇಳುತ್ತೇನೆ. ಹಂಗೇರಿಯಿಂದ ಬಂದವರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಡಿ 1964ರಲ್ಲಿ ಬಫಲೋ ಬಿಲ್ಸ್ ಅನ್ನುವ ವೃತ್ತಿಪರ ಟೀಮು ಸೇರಿದರು. ಓರೆಯಾಗಿ ಓಡಿಬಂದು ಒದೆಯುವ ನಮ್ಮ ಶೈಲಿಯನ್ನು ಅಲ್ಲಿನ ವೃತ್ತಿಪರ ಆಟಕ್ಕೆ ತಂದವರೇ ಅವರು. ಈಗ ಎಲ್ಲರೂ ಒದೆಯುವುದು ಹಾಗೇ.

ಈಗ ನುಗ್ಗುವವರಿಗೆ ದಾರಿ ಇನ್ನೂ ಇಕ್ಕಟ್ಟು. ಆಟಗಾರರಿಗೆ ಕಾಲೇಜೇ ದುಡ್ಡು ಕೊಡಬಹುದು ಅನ್ನುವ 2025ರ ಕೋರ್ಟ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಫುಟ್‌ಬಾಲ್ ಟೀಮಿಗೆ 105 ಮಂದಿಯ ಮಿತಿ ಬಂದಿದೆ. ಮೊದಲು ಕತ್ತರಿ ಬಿದ್ದಿದ್ದು ವಾಕ್-ಆನ್‌ಗಳಿಗೇ. ಒಪ್ಪಂದಕ್ಕೆ ಸೇರದ ಕಾಲೇಜು ಯಾವುದು ಅಂತ ಮೊದಲು ನೋಡಿ. ಡಿವಿಷನ್ ಥ್ರೀಯಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ, ಅಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಕಾಗದಪತ್ರ ಮಾತ್ರ ಊರಿನಿಂದ ಹೊರಡುವ ಮುಂಚೆಯೇ ಮಾಡಿಸಿ. ಒಂಬತ್ತನೇ ಕ್ಲಾಸಿನಿಂದ ಹಿಡಿದು ಎಲ್ಲ ಮಾರ್ಕ್ಸ್ ಕಾರ್ಡ್ ಎಲಿಜಿಬಿಲಿಟಿ ಸೆಂಟರ್‌ನವರು ಕೇಳುತ್ತಾರೆ. ನನ್ನ ಒಂಬತ್ತನೇ ಕ್ಲಾಸಿನ ಕಾಗದ ಬರಲು ತಿಂಗಳುಗಟ್ಟಲೆ ಹಿಡಿಯಿತು. ಸಿಕಲ್ ಸೆಲ್ ರಕ್ತಪರೀಕ್ಷೆ, ಡಾಕ್ಟರ್ ಸರ್ಟಿಫಿಕೇಟ್ ಟ್ರೈಔಟ್ ದಿನ ಕೈಯಲ್ಲಿಲ್ಲದಿದ್ದರೆ ಗೇಟಿನಿಂದಲೇ ವಾಪಸ್. ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕಮ್ಮಿ ತಗೊಳ್ಳಬೇಡಿ. ಬೂಟು ಅರ್ಧ ಸೈಜ್ ಚಿಕ್ಕದು ತಗೊಳ್ಳಿ, ಒದೆಯುವ ಕಾಲಿಗೆ ಮಾತ್ರ.