ರೈತನ ಮನೆಯ ನಾಟಕ: ಹಗ್ಗ, ಹಿಟ್ಟು, ಗುಂಟೆ

ಬಾಗಲಕೋಟೆ ಕಡೆ ಜಾತ್ರೆಯ ನಾಟಕಕ್ಕೆ ಕೂಡುವವರಲ್ಲಿ ಬಹಳ ಮಂದಿ ಒಕ್ಕಲುತನದವರೇ. ರಾಜನ ಕಿರೀಟ ಓರೆಯಾದರೆ ನಡೆದೀತು, ರೈತನ ಪಾರ್ಟಿನವ ಬಾರಕೋಲು ತಪ್ಪಾಗಿ ಹಿಡಿದರೆ ಮುಂದಿನ ಸಾಲಿನಿಂದಲೇ ಸಿಳ್ಳೆ ಬೀಳುತ್ತದೆ. ಅದಕ್ಕೇ ನಮ್ಮ ತಾಲೀಮಿನಲ್ಲಿ ಮಾತಿಗಿಂತ ಮೊದಲು ಕೈಕೆಲಸ.

ಎತ್ತನ್ನು ರಂಗಕ್ಕೆ ತರುವುದಿಲ್ಲ, ಕಾಲಡಿಯ ಹಲಗೆಯ ಸದ್ದಿಗೂ ಬೆಳಕಿಗೂ ಬೆದರುತ್ತದೆ. ತರುವುದು ಹಗ್ಗ ಮಾತ್ರ. ಒಂದು ತುದಿ ನಟನ ಕೈಯಲ್ಲಿ, ಇನ್ನೊಂದು ರಂಗದ ಪಕ್ಕದ ವಿಂಗಿನ ಮರೆಯಲ್ಲಿ ನಿಂತ ಹುಡುಗನ ಕೈಯಲ್ಲಿ. ಹುಡುಗ ಅದನ್ನು ಸುಮಾರು 4 ಅಡಿ ಎತ್ತರದಲ್ಲಿ ಹಿಡಿಯಬೇಕು. ಸೊಂಟದ ಕೆಳಗೆ ಇಳಿಸಿದರೆ ಆಡು ಕಟ್ಟಿದಂತೆ ಕಾಣುತ್ತದೆ. ಒಂದೇ ಸಮ ಜಗ್ಗಬಾರದು. ಸಡಿಲ ಬಿಟ್ಟು, ಒಮ್ಮೆ ಜಗ್ಗಿ, ಮತ್ತೆ ಸಡಿಲ. ಜಗ್ಗಿದ ಕ್ಷಣಕ್ಕೇ ಹುಡುಗನ ಮತ್ತೊಂದು ಕೈಯ ಗಂಟೆಸರ ಅಲುಗಬೇಕು, ತಡವಾದರೆ ಗುಟ್ಟು ಬಯಲು. ಸಾಲಕ್ಕೆ ಎತ್ತು ಮಾರುವ ಸೀನಿನಲ್ಲಿ ಹಗ್ಗ ನಟನ ಕೈಜಾರಿ ನಿಧಾನಕ್ಕೆ ವಿಂಗಿನೊಳಗೆ ಸರಿಯಲಿ. ಆ ಹೊತ್ತು ಪೇಟಿ (ಹಾರ್ಮೋನಿಯಂ) ಬಾರಿಸಬೇಡಿರೆಂದು ಮಾಸ್ತರರಿಗೆ ಮೊದಲೇ ಹೇಳಿಡಬೇಕು. ಇಲ್ಲದಿದ್ದರೆ ಅವರು ತಾವಾಗಿಯೇ ಒಂದು ಶೋಕದ ಆಲಾಪ ಎಳೆದುಬಿಡುತ್ತಾರೆ.

ರೊಟ್ಟಿ ಬಡಿಯುವ ಸೀನಿಗೆ ಅರ್ಧ ಕೆಜಿ ಜೋಳದ ಹಿಟ್ಟು ಸಾಕು. ಸೀನಿಗೆ ಹತ್ತು ನಿಮಿಷ ಮುಂಚೆಯಷ್ಟೇ ಬಿಸಿನೀರಲ್ಲಿ ನಾದಿ, ಹಸಿ ಅರಿವೆ ಮುಚ್ಚಿಡುತ್ತೇವೆ. ಜೋಳಕ್ಕೆ ಗೋದಿಯಂತೆ ಜಿಗಟು ಇಲ್ಲ. ಸಂಜೆಯೇ ನಾದಿಟ್ಟರೆ ರಂಗದ ಮೇಲೆ ಅಂಚು ಸೀಳುತ್ತದೆ. ಪರಾತದ ಕೆಳಗೆ ನಾಲ್ಕು ಮಡಿಕೆ ಗೋಣಿಚೀಲ ಹಾಸದಿದ್ದರೆ ಬಡಿತದ ಸದ್ದು ಹಲಗೆಗೆ ಇಳಿದು, ಮೈಕಿನಲ್ಲಿ ಗುಡುಗಿದಂತೆ ಕೇಳಿಸಿ ಮಾತು ಮುಳುಗುತ್ತದೆ. ಅತ್ತೆ-ಸೊಸೆ ಮಾತನ್ನು ರೊಟ್ಟಿ ತಿರುವುವ ಬಿಡುವಿಗೆ ಹೊಂದಿಸಬೇಕು. ಸ್ತ್ರೀಪಾತ್ರದ ಕಲಾವಿದೆಯರು ಹೊರಗಿನಿಂದ ಬರುವವರು, ಸಿಗುವುದು ಕಡೆಯ ಒಂದೆರಡು ತಾಲೀಮಿಗೆ. ಹಾಗಾಗಿ ಆ ದಿನ ಹಾಡಿಗಿಂತ ಮೊದಲು ಈ ಸೀನನ್ನೇ ಹಿಟ್ಟು ಸಮೇತ ಮಾಡಿಸುತ್ತೇವೆ. ಒಲೆಗೆ ಬೆಂಕಿ ಬೇಡ, ಕಟ್ಟಿಗೆ ನಡುವೆ ಕೇಸರಿ ಹಾಳೆ ಸುತ್ತಿದ ಎಲ್‌ಇಡಿ ಬಲ್ಬು ಸಾಕು.

ಸೀರೆ ಇಳಕಲ್ಲಿನದು, ಕುಪ್ಪಸ ಗುಳೇದಗುಡ್ಡದ ಖಣದ್ದು. ಆದರೆ ಸಾಲದಲ್ಲಿರುವ ರೈತನ ಹೆಂಡತಿಗೆ ಹೊಸ ಸೀರೆ ಉಡಿಸಬಾರದು. ಧೋತರವನ್ನು ಎರೆಮಣ್ಣಿನ ನೀರಲ್ಲಿ ಅದ್ದಿ ಒಣಗಿಸಿದರೆ ಹೊಲದ ಬಣ್ಣ ಬರುತ್ತದೆ.

ಮನೆಯ ಸಾಮಾನು ತೆಗೆದು ಹೊಲ ಮಾಡಲು ನಮಗೆ ಆರೇಳು ನಿಮಿಷ ಬೇಕು. ಅಷ್ಟು ಹೊತ್ತಿನ ಹಾಸ್ಯವನ್ನು ರಸ್ತೆಯ ಚಿತ್ರ ಬರೆದ ಪರದೆಯ ಮುಂದೆ ಇಡುತ್ತೇವೆ. ಪರದೆಯ ಕೆಳಗಿನ ಬಿದಿರಿಗೆ ಉಸುಕಿನ ಚೀಲ ಕಟ್ಟದಿದ್ದರೆ ಗಾಳಿಗೆ ಉಬ್ಬಿ ತೂಗುಮೈಕಿಗೆ ಬಡಿಯುತ್ತದೆ.

ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ಪಾಲಿನ ಸೀನಿನ ಲೆಕ್ಕ ಬರೆದವರನ್ನು ನಂಬದೆ ನೀವೇ ಕೂಡಿಸಿ ನೋಡಿ. 7 ಎಕರೆ 20 ಗುಂಟೆ ಮೂವರಿಗೆ ಹಂಚಿದರೆ ತಲಾ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ ಎಂಬುದನ್ನು ಮರೆತು ತಮ್ಮನ ಬಾಯಲ್ಲಿ ‘ಎರಡೆಕರೆ ಐವತ್ತು ಗುಂಟೆ’ ಅನ್ನಿಸಿದರೆ, ಅಳುವ ಸೀನು ನಗುವ ಸೀನಾಗುತ್ತದೆ. ವೈನಿ (ಅಣ್ಣನ ಹೆಂಡತಿ) ಕೈಗೆ ಕೊಡುವ ಉತಾರದ (ಪಹಣಿಯ) ಹಾಳೆಯ ಮೇಲೂ ಅದೇ ಲೆಕ್ಕ ಬರೆದಿರಲಿ, ಮಾತು ಮರೆತವರು ಅದನ್ನೇ ನೋಡಿ ಓದಬಹುದು.