ಶುಗರ್ ಇಳಿದು ಪ್ರಜ್ಞೆ ತಪ್ಪಿದರೆ: ಕಾಸರಗೋಡಿಗೆ ಹೊಸದಾಗಿ ಬಂದ ಮನೆಯವರಿಗೆ

ಕಾಸರಗೋಡಿಗೆ ಸ್ವಾಗತ. ಬ್ಯಾಂಕಿನ ವರ್ಗಾವಣೆಯೋ, ಕನ್ನಡ ಶಾಲೆಯ ಕೆಲಸವೋ, ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯೋ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವೋ, ಬಂದ ಕಾರಣ ಏನೇ ಇರಲಿ. ಗ್ಯಾಸ್, ಬಾಡಿಗೆ ಮನೆ, ಮಕ್ಕಳ ಶಾಲೆಯ ವಿಚಾರ ಬೇರೆ ಹಾಳೆಗಳಲ್ಲಿದೆ. ಈ ಹಾಳೆ ಮನೆಯಲ್ಲಿ ಶುಗರ್ ಇರುವವರು ಇದ್ದರೆ ಮಾತ್ರ. ಇನ್ಸುಲಿನ್ ಹಾಕಿಕೊಳ್ಳುವವರು ಇದ್ದರಂತೂ ಸಾಮಾನು ಬಿಚ್ಚುವ ಮೊದಲೇ ಓದಿ.

ಶುಗರ್ ತೀರಾ ಇಳಿದು ಪ್ರಜ್ಞೆ ತಪ್ಪಿದವರಿಗೆ ಕೊಡಲು ಗ್ಲೂಕಗಾನ್ ಎಂಬ ಇಂಜೆಕ್ಷನ್ ಇದೆ. ಅದನ್ನು ಅವರೇ ಹಾಕಿಕೊಳ್ಳಲು ಆಗುವುದಿಲ್ಲ, ಪಕ್ಕದಲ್ಲಿ ಇದ್ದವರು ಹಾಕಬೇಕು. ಹಾಗಾಗಿ ಇದನ್ನು ಮುಖ್ಯವಾಗಿ ಕಲಿಯಬೇಕಾದವರು ಮನೆಯ ಉಳಿದವರು. ಊರಿನಲ್ಲಿದ್ದಾಗ ಒಂದು ಕೂಗು ಹಾಕಿದರೆ ನಾಲ್ಕು ಜನ ಓಡಿ ಬರುತ್ತಿದ್ದರು. ಇಲ್ಲಿ ಮೊದಲ ತಿಂಗಳು ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ, ಅಲ್ವಾ?

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಆಟಿ ತಿಂಗಳ ಮಳೆ, ಕರೆಂಟ್ ಇಲ್ಲ. ಅಮ್ಮನಿಗೆ ಆ ದಿನ ಏಕಾದಶಿ. ಊಟ ಬಿಟ್ಟಿದ್ದರು, ಆದರೆ ಇನ್ಸುಲಿನ್ ಮಾತ್ರ ಎಂದಿನಷ್ಟೇ ಹಾಕಿಕೊಂಡಿದ್ದರು. ರಾತ್ರಿ ಎರಡು ಗಂಟೆಗೆ ಏನೋ ಗೊರಗೊರ ಶಬ್ದ ಕೇಳಿ ಟಾರ್ಚ್ ಹಿಡಿದು ಹೋದರೆ, ಅವರ ರವಿಕೆ, ದಿಂಬು ಎಲ್ಲ ಬೆವರಿನಲ್ಲಿ ತೊಯ್ದಿದ್ದವು. ಹಲ್ಲು ಕಚ್ಚಿಕೊಂಡಿದ್ದರು. ಕರೆದರೆ ಓಗೊಡಲಿಲ್ಲ. ನಾನು ಚಮಚದಲ್ಲಿ ಸಕ್ಕರೆ ನೀರು ಹುಯ್ಯಲು ನೋಡಿದೆ. ಅದು ಕೆನ್ನೆಯ ಮೇಲೆ ಇಳಿದು ಹೋಯಿತು. ನನ್ನ ತಮ್ಮ ಇನ್ಸುಲಿನ್ ಪೆನ್ ಕೈಯಲ್ಲಿ ಹಿಡಿದು "ಇಂಜೆಕ್ಷನ್ ಹಾಕ್ಲಾ ಅಕ್ಕಾ?" ಎಂದು ನಡುಗುತ್ತಾ ನಿಂತಿದ್ದ. ಪಕ್ಕದ ಮನೆಯ ನರ್ಸಕ್ಕ ಓಡಿ ಬಂದು ಮೊದಲು ಆ ಪೆನ್ ಕಿತ್ತುಕೊಂಡರು. ಆಮೇಲೆ ಅಮ್ಮನನ್ನು ಮಗ್ಗುಲಿಗೆ ತಿರುಗಿಸಿದರು. ಅವರ ಗಂಡನ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ನರಕ್ಕೆ ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಅಮ್ಮ ಕಣ್ಣು ಬಿಟ್ಟು "ಇಲ್ಲಿಗೆ ಯಾಕೆ ಬಂದೆವು?" ಎಂದು ಕೇಳಿದರು.

ತಮ್ಮ ಆ ಪೆನ್ ಒತ್ತಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಶುಗರ್ ಮನೆಯಲ್ಲಿ ಇಂಜೆಕ್ಷನ್ ಎಂದರೆ ಇನ್ಸುಲಿನ್ ಎಂಬುದೇ ರೂಢಿ. ಆದರೆ ಇನ್ಸುಲಿನ್ ಶುಗರ್ ಇಳಿಸುತ್ತದೆ, ಗ್ಲೂಕಗಾನ್ ಏರಿಸುತ್ತದೆ. ಎರಡೂ ನಮ್ಮ ಮೇದೋಜೀರಕ ಗ್ರಂಥಿಯಲ್ಲೇ ಹುಟ್ಟುವ ಹಾರ್ಮೋನುಗಳು. ನಮ್ಮ ಲಿವರ್ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟಿರುತ್ತದೆ. ಗ್ಲೂಕಗಾನ್ ಹೋಗಿ ಆ ದಾಸ್ತಾನು ಬಿಚ್ಚಿಸಿ ರಕ್ತಕ್ಕೆ ಬಿಡಿಸುತ್ತದೆ. ಮನುಷ್ಯರಿಗೆ ಮೊದಲು ಇನ್ಸುಲಿನ್ ಕೊಟ್ಟದ್ದು 1922ರಲ್ಲಿ. ಮರುವರ್ಷವೇ, 1923ರಲ್ಲಿ, ಕಿಂಬಲ್ ಮತ್ತು ಮರ್ಲಿನ್ ಎಂಬ ವಿಜ್ಞಾನಿಗಳು ಗ್ಲೂಕಗಾನಿಗೆ ಹೆಸರಿಟ್ಟರು. ನೂರು ವರ್ಷ ದಾಟಿದರೂ ನಮ್ಮ ಮನೆಗಳಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಅದೇ ನನಗೆ ಬೇಜಾರು.

ಪ್ರಜ್ಞೆ ಇದ್ದು, ನುಂಗಲು ಆಗುತ್ತಿದ್ದರೆ ಇಂಜೆಕ್ಷನ್ ಬೇಡ. ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಅದು ಕಡಿಮೆ, 54ಕ್ಕಿಂತ ಕೆಳಗೆ ಹೋದರೆ ಅಪಾಯ. ಕೈ ನಡುಕ, ಬೆವರು, ಹಸಿವು, ಎದೆ ಡವಡವ, ಸುಮ್ನೆ ಸಿಡುಕುವುದು, ತೊದಲುವುದು ಇವೆಲ್ಲ ಗುರುತು. ಅಳೆಯಲು ಮೆಷಿನ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಕಡಿಮೆ ಆಗಿದೆ ಎಂದೇ ತಿಳಿಯಿರಿ. ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಹತ್ತುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಇದು ತುಂಬಾ ಜನರಿಗೆ ಗೊತ್ತಿಲ್ಲ, ಮಾತ್ರೆಯ ಚೀಟಿ ಈಗಲೇ ನೋಡಿಕೊಳ್ಳಿ. ಇಲ್ಲಿ ಯಾರಾದರೂ ಪ್ರೀತಿಯಿಂದ ಬೊಂಡ (ಎಳನೀರು) ಕೆತ್ತಿ ಕೊಡಬಹುದು. ಎಳನೀರಿನಲ್ಲಿ ಸಕ್ಕರೆ ಕಡಿಮೆ, ಆ ಹೊತ್ತಿಗೆ ಅದನ್ನು ನಂಬಬೇಡಿ. ಚಾಕೊಲೇಟ್, ಬಿಸ್ಕತ್ತು ಕೂಡ ನಿಧಾನ.

ಪ್ರಜ್ಞೆ ಇಲ್ಲದಿದ್ದರೆ, ಫಿಟ್ಸ್ ಬರುತ್ತಿದ್ದರೆ, ನುಂಗಲು ಆಗದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಶ್ವಾಸನಾಳಕ್ಕೆ ಹೋದರೆ ಉಸಿರೇ ನಿಲ್ಲಬಹುದು. ಆಗ ಗ್ಲೂಕಗಾನ್.

ಕಿಟ್ ಒಂದು ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ಬಿಳಿ ಪುಡಿಯ ಪುಟ್ಟ ಬಾಟಲಿ, ಪಕ್ಕದಲ್ಲಿ ನೀರು ತುಂಬಿದ ಸಿರಿಂಜ್. ಪುಡಿಯನ್ನು ಮೊದಲೇ ಕಲಸಿ ಇಡುವ ಹಾಗಿಲ್ಲ, ಬೇಕಾದಾಗಲೇ ಕಲಸಬೇಕು. ಬಾಟಲಿಯ ಮುಚ್ಚಳ ಕಿತ್ತು, ರಬ್ಬರಿಗೆ ಸೂಜಿ ಚುಚ್ಚಿ, ಸಿರಿಂಜಿನ ನೀರನ್ನೆಲ್ಲ ಒಳಗೆ ಬಿಡಿ. ಸೂಜಿ ತೆಗೆಯದೆ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ. ಪುಡಿ ಕರಗಿ ನೀರು ತಿಳಿಯಾಗಬೇಕು. ಮೊಸರಿನ ಹಾಗೆ ಗಟ್ಟಿಯಾದರೆ ಅಥವಾ ಕಣ ಕಂಡರೆ ಬಳಸಬೇಡಿ. ತಿಳಿಯಾದ ಮದ್ದನ್ನು ಮತ್ತೆ ಸಿರಿಂಜಿಗೆ ಎಳೆದುಕೊಂಡು, ಗಾಳಿ ಗುಳ್ಳೆ ಹೊರಗೆ ತಳ್ಳಿ, ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ ಚುಚ್ಚಿ. ದೊಡ್ಡವರಿಗೆ ಇಡೀ ಬಾಟಲಿ, ಅಂದರೆ 1 ಮಿಲಿಗ್ರಾಂ. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ಅರ್ಧ. ನಿಮ್ಮ ಮಗುವಿಗೆ ಎಷ್ಟು ಎಂದು ಡಾಕ್ಟರ್ ಹತ್ತಿರ ಕೇಳಿ ಪೆಟ್ಟಿಗೆಯ ಮೇಲೆ ದಪ್ಪಗೆ ಬರೆದಿಡಿ. ಆ ಹೊತ್ತಿಗೆ ಲೆಕ್ಕ ತಲೆಗೆ ಹೋಗುವುದಿಲ್ಲ.

ಚುಚ್ಚಿದ ಕೂಡಲೇ ಅವರನ್ನು ಮಗ್ಗುಲಿಗೆ ಮಲಗಿಸಿ. ಇದರಿಂದ ವಾಂತಿ ಬರುವುದು ಜಾಸ್ತಿ, ಅಂಗಾತ ಮಲಗಿದ್ದರೆ ಅದು ಒಳಗೆ ಹೋಗಬಹುದು. ಸಾಮಾನ್ಯವಾಗಿ 10ರಿಂದ 15 ನಿಮಿಷದಲ್ಲಿ ಎಚ್ಚರ ಬರುತ್ತದೆ. ಪೂರ್ತಿ ಎಚ್ಚರವಾಗಿ ನುಂಗಲು ಆದ ಮೇಲೆ ಗ್ಲೂಕೋಸ್ ನೀರು, ಆಮೇಲೆ ಗಂಜಿಯೋ ಇಡ್ಲಿಯೋ ಕೊಡಿ. ಮದ್ದಿನ ಬಲ ಸ್ವಲ್ಪ ಹೊತ್ತು ಮಾತ್ರ. ಖಾಲಿಯಾದ ಲಿವರಿನ ದಾಸ್ತಾನು ತಿಂದರೇ ತುಂಬುವುದು.

ಆ ದಾಸ್ತಾನೇ ಇಲ್ಲದಿದ್ದರೆ ಇಂಜೆಕ್ಷನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ತುಂಬಾ ಹೊತ್ತು ಉಪವಾಸ ಇದ್ದವರು, ಹೊಟ್ಟೆಗೆ ಏನೂ ಇಲ್ಲದೆ ಕಳ್ಳು, ಮದ್ಯ ಕುಡಿದವರು, ಇವರಿಗೆಲ್ಲ ಆಸ್ಪತ್ರೆಯ ಗ್ಲೂಕೋಸೇ ಗತಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆಯವರಿಗೆ ಒಮ್ಮೆ ಏರಿದ ಶುಗರ್ ಗಂಟೆಗಳ ನಂತರ ಮತ್ತೆ ಇಳಿಯಬಹುದು. ಕಣ್ಣು ಬಿಟ್ಟರು ಎಂದು ಮನೆಯಲ್ಲೇ ಉಳಿಯಬೇಡಿ. ಏಕಾದಶಿ, ಷಷ್ಠಿ, ರಂಜಾನ್, ಯಾವ ಉಪವಾಸವೇ ಆಗಲಿ, ಡೋಸ್ ಎಷ್ಟು ಇಳಿಸಬೇಕು ಎಂದು ಮೊದಲೇ ಡಾಕ್ಟರ್ ಹತ್ತಿರ ಕೇಳಿ. ನಮ್ಮ ಅಮ್ಮ ಕೇಳಿರಲಿಲ್ಲ.

ಕಿಟ್ ಇರಲಿ, ಇಲ್ಲದಿರಲಿ, 108ಕ್ಕೆ ಕರೆ ಹೋಗಲೇಬೇಕು. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಚುಚ್ಚುವಾಗ ಇನ್ನೊಬ್ಬರು ಫೋನ್ ಮಾಡಿ. ಈ ಸಾಲನ್ನು ಬಾಯಿಪಾಠ ಮಾಡಿ: "ಷುಗರ್ ಕುರಞ್ಞು, ಬೋಧಮಿಲ್ಲ, ಆಂಬುಲೆನ್ಸ್ ವೇಣಂ." ಶುಗರ್ ಇಳಿದಿದೆ, ಪ್ರಜ್ಞೆ ಇಲ್ಲ, ಆಂಬುಲೆನ್ಸ್ ಬೇಕು ಎಂದು ಅರ್ಥ. ಹಿಂದೆಯೇ ಮನೆಯ ಹತ್ತಿರದ ಶಾಲೆ, ಮಸೀದಿ, ದೇವಸ್ಥಾನ ಯಾವುದಾದರೂ ಒಂದರ ಹೆಸರು ಹೇಳಿ.

ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಇರುವವರಿಗೆ ಇನ್ನೊಂದು ಮಾತು. ಏನೇ ಆದರೂ ಮಂಗಳೂರಿಗೇ ಓಡುವುದು ಇಲ್ಲಿನ ಅಭ್ಯಾಸ. ಕಾಸರಗೋಡು ಪೇಟೆಯಿಂದ ಅದು ಸುಮಾರು 50 ಕಿಲೋಮೀಟರ್. ಶುಗರ್ ಇಳಿದವರಿಗೆ ದೊಡ್ಡ ಆಸ್ಪತ್ರೆ ಬೇಡ, ಹತ್ತಿರದ ಆಸ್ಪತ್ರೆ ಬೇಕು. ನರಕ್ಕೆ ಗ್ಲೂಕೋಸ್ ಕೊಡುವ ವ್ಯವಸ್ಥೆ ಇದ್ದರೆ ಸಾಕು. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಇವುಗಳಲ್ಲಿ ನಿಮಗೆ ಯಾವುದು ಹತ್ತಿರ ಎಂದು ಹಗಲು ಹೊತ್ತಿನಲ್ಲೇ ಒಮ್ಮೆ ಹೋಗಿ ದಾರಿ ನೋಡಿ ಬನ್ನಿ.

ಕಿಟ್ ಎಲ್ಲ ಮೆಡಿಕಲ್‌ಗಳಲ್ಲೂ ಇರುವುದಿಲ್ಲ. ಡಾಕ್ಟರ್ ಚೀಟಿ ಬೇಕು. "ಗ್ಲೂಕಗಾನ್ ಇಂಜೆಕ್ಷನ್ ಉಂಡೋ?" ಎಂದು ಕೇಳಿ, ಇಲ್ಲ ಎಂದರೆ ತರಿಸಿಕೊಡಲು ಹೇಳಿ. ಗಲ್ಫಿನಲ್ಲಿರುವ ನೆಂಟರು ತಂದುಕೊಟ್ಟರೂ ಡಾಕ್ಟರಿಗೆ ತೋರಿಸಿಯೇ ಇಟ್ಟುಕೊಳ್ಳಿ. ಹೊರದೇಶಗಳಲ್ಲಿ ಮೂಗಿಗೆ ಊದುವ ಪುಡಿಯೂ ಇದೆ, ಬಳಸುವ ಕ್ರಮ ಬೇರೆ. ಸಾಮಾನ್ಯ ಕಿಟ್ಟನ್ನು ಇಲ್ಲಿನ ಸೆಕೆಗೆ ಫ್ರಿಜ್ಜಿನ ಬಾಗಿಲಲ್ಲಿ ಇಡುವುದೇ ಒಳ್ಳೆಯದು, ಫ್ರೀಜರಿನಲ್ಲಿ ಬೇಡ. ಇನ್ಸುಲಿನ್ ಜೊತೆ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.

ಟೈಪ್ 1 ಶುಗರ್ (ದೇಹದಲ್ಲಿ ಇನ್ಸುಲಿನ್ ಹುಟ್ಟದೆ ಬರುವ ಶುಗರ್) ಇರುವ ಮಕ್ಕಳಿಗೆ ಕೇರಳ ಸಾಮಾಜಿಕ ಭದ್ರತಾ ಮಿಷನ್ನಿನ 'ಮಿಠಾಯಿ' ಯೋಜನೆ ಇದೆ. ನಿಮಗೆ ಸಿಗುತ್ತದೆಯೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಕ್ಲಾಸ್ ಟೀಚರಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಚೀಟಿ ಕೊಡಿ, ಬ್ಯಾಗಿನಲ್ಲಿ ಗ್ಲೂಕೋಸ್ ಇರಲಿ. ಮಲಯಾಳ ಬರೆಯಲು ಬಾರದಿದ್ದರೆ ಈ ಹಾಳೆ ಕೊಟ್ಟ ನಮ್ಮ ಸಂಘಕ್ಕೆ ಬನ್ನಿ, ನಾವು ಬರೆದುಕೊಡುತ್ತೇವೆ.

ಈ ವಾರ ಪಕ್ಕದ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಮನೆಯಲ್ಲಿ ಶುಗರ್ ಇದೆ, ಈ ಪೆಟ್ಟಿಗೆ ಇಲ್ಲಿದೆ ಎಂದು ತೋರಿಸಿ. ಅವಧಿ ಮುಗಿದ ಕಿಟ್ ಇದ್ದರೆ ಬಿಸಾಡಬೇಡಿ, ಮೇಲೆ 'ಕಲಿಯಲು ಮಾತ್ರ' ಎಂದು ಬರೆದು ಸಂಘಕ್ಕೆ ತನ್ನಿ. ಮೂಸಂಬಿ ನಾವು ತಂದಿಡುತ್ತೇವೆ. ಕಲಸಿ, ಎಳೆದು, ಅದಕ್ಕೆ ಚುಚ್ಚಿ ನೋಡಿ. ನಮ್ಮ ತಮ್ಮ ಕಲಿತದ್ದೂ ಹಾಗೆಯೇ.