ಇಂಗ್ಲೆಂಡಿನ ಕಡಲತೀರದಲ್ಲಿ ಪುಟ್ಟ ಮನೆ: ಬೆಂಗಳೂರು ಬಿಡುವ ಮುಂಚೆಯೇ ಶುರುವಾಗುವ ಕೆಲಸ

ಬೆಂಗಳೂರಿನಲ್ಲಿ ನಿಮ್ಮ ಹೆಸರಿಗೆ ಏನೇನಿದೆ ಅನ್ನುವುದರ ಮೇಲೆ ಇಂಗ್ಲೆಂಡಿನಲ್ಲಿ ನೀವು ಕೊಳ್ಳುವ ಮನೆಯ ಸ್ಟಾಂಪ್ ಡ್ಯೂಟಿ ನಿಂತಿದೆ. ಹೊಸದಾಗಿ ಬರುವ ಬಹಳ ಮಂದಿಗೆ ಇದು ತಿಳಿಯುವುದು ವಕೀಲರು ಲೆಕ್ಕ ಕಳಿಸಿದಾಗಲೇ. ಎರಡು ಲಕ್ಷ ಪೌಂಡಿನ ಮನೆ ಎಂದಿಟ್ಟುಕೊಳ್ಳಿ. ಮೊದಲ 1,25,000ಕ್ಕೆ ಏನೂ ಇಲ್ಲ, ಉಳಿದ 75,000ಕ್ಕೆ 2%, ಅಂದರೆ 1,500 ಪೌಂಡ್. ಆದರೆ ಜಯನಗರದಲ್ಲೋ ವೈಟ್‌ಫೀಲ್ಡಿನಲ್ಲೋ ನಿಮ್ಮದೊಂದು ಫ್ಲಾಟ್ ಇದ್ದು, ಅದರ ಬೆಲೆ 40,000 ಪೌಂಡ್ ಮುಟ್ಟಿದರೆ, ಹೊಸ ಮನೆಯ ಪೂರ್ತಿ ಬೆಲೆಯ ಮೇಲೆ ಇನ್ನೂ 5% ಬೀಳುತ್ತದೆ: ಒಟ್ಟು 11,500. ಕೊಳ್ಳುವ ಮುಂಚಿನ 12 ತಿಂಗಳಲ್ಲಿ ಕನಿಷ್ಠ 183 ದಿನ ನೀವು ಬ್ರಿಟನ್ನಿನಲ್ಲಿ ಇದ್ದಿರದಿದ್ದರೆ ಮತ್ತೆ 2%, ಅಂದರೆ 15,500. ಗಂಡ ಹೆಂಡತಿಯಲ್ಲಿ ಫ್ಲಾಟ್ ಯಾರ ಹೆಸರಲ್ಲಿದ್ದರೂ ಲೆಕ್ಕ ಒಂದೇ.

ಖಾಲಿ ಸೈಟಿಗೆ ಈ 5% ಅನ್ವಯಿಸುವುದಿಲ್ಲ, ಅದು ವಾಸದ ಮನೆಯಲ್ಲ. ಎಲ್ಲಿಯೂ ಎಂದೂ ಮನೆ ಹೊಂದಿರದವರು ತಾವೇ ವಾಸಿಸಲು ಕೊಂಡರೆ 3,00,000 ಪೌಂಡ್‌ವರೆಗೆ ಮಾಮೂಲಿ ಸ್ಟಾಂಪ್ ಡ್ಯೂಟಿ ಇಲ್ಲ. ಆದರೆ ಅಪ್ಪನ ಕಾಲಾನಂತರ ಬಂದ ಮನೆಯ ಪಾಲು ಇದ್ದರೂ ಈ ರಿಯಾಯಿತಿ ಕೈತಪ್ಪುತ್ತದೆ. ವಾಸವಿದ್ದ ಮನೆಯನ್ನು ಮಾರಿ, ಮೂರು ವರ್ಷದೊಳಗೆ ಇಲ್ಲಿ ವಾಸಕ್ಕೆ ಮನೆ ಕೊಂಡವರಿಗೆ 5% ಇಲ್ಲ. ಇವೆಲ್ಲ ಇಂಗ್ಲೆಂಡಿನ ಮಾತು. ವೇಲ್ಸ್, ಸ್ಕಾಟ್ಲೆಂಡಿನ ತೆರಿಗೆ ಬೇರೆ. ಮೊದಲ ವರ್ಷ ಬಾಡಿಗೆ ಮನೆಯಲ್ಲಿರಿ ಎಂದು ನಾವು ಒತ್ತಿ ಹೇಳುವುದಕ್ಕೆ 183 ದಿನದ ಲೆಕ್ಕದ ಆ 2% ಒಂದು ಕಾರಣ, ಕಡಲಿನ ಚಳಿಗಾಲವನ್ನು ಕಣ್ಣಾರೆ ನೋಡಬೇಕೆಂಬುದು ಇನ್ನೊಂದು.

ದುಡ್ಡು ಕಳಿಸಲು ದಾರಿ ಎರಡಿದೆ. ಭಾರತದಲ್ಲಿ ವಾಸವಿರುವಾಗಲೇ ಕಳಿಸಿದರೆ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಅಡಿ ಒಬ್ಬರಿಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ. 60 ಲಕ್ಷ ಕಳಿಸಿದರೆ 10 ಲಕ್ಷ ಟಿಸಿಎಸ್‌ಗೇ ಬೇಕು. ರಿಟರ್ನ್ ಸಲ್ಲಿಸುವಾಗ ಅದು ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಿದ್ದರೆ ವಾಪಸಾಗುತ್ತದೆ, ಆದರೆ ಅಲ್ಲಿವರೆಗೆ ಕೈಗೆ ಸಿಗದು. ಎನ್‌ಆರ್‌ಐ ಆದಮೇಲೆ ಎನ್‌ಆರ್‌ಒ ಖಾತೆಯಿಂದ (ಭಾರತದಲ್ಲಿನ ದುಡ್ಡಿಗಾಗಿ ಅನಿವಾಸಿಗಳು ಇಟ್ಟುಕೊಳ್ಳುವ ಖಾತೆ) ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಅದಕ್ಕೆ ಈ ಟಿಸಿಎಸ್ ಇಲ್ಲ, ಆದರೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ಫ್ಲಾಟ್ ಮಾರುವುದೇ ಆದರೆ ಎನ್‌ಆರ್‌ಐ ಆಗುವ ಮುಂಚೆ ಮಾರುವುದು ಸಲೀಸು. ಆಮೇಲಾದರೆ ಕೊಳ್ಳುವವರು ಹಿಡಿಯಬೇಕಾದ ಟಿಡಿಎಸ್ ಬಹಳ ಹೆಚ್ಚು, ಕಡಿಮೆ ದರದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಬೇಕು.

ಇಲ್ಲಿನ ವಕೀಲರು ದುಡ್ಡು ಎಲ್ಲಿಂದ ಬಂತು ಎಂದು ಕೇಳಿಯೇ ಕೇಳುತ್ತಾರೆ, ಅದು ಅವರಿಗೆ ಕಾನೂನು ಹೊರಿಸಿದ ಹೊಣೆ. ಕ್ರಯಪತ್ರ ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನು ಬೆಂಗಳೂರಿನಲ್ಲೇ ಮಾಡಿಸಿ. ಪತ್ರದಲ್ಲಿನ ಮೊತ್ತ, ಬ್ಯಾಂಕಿಗೆ ಬಂದ ಮೊತ್ತ, ಕಳಿಸಿದ ಮೊತ್ತ ಮೂರೂ ತಾಳೆಯಾಗಬೇಕು. ಮಾರಿದಾಗ ಅರ್ಧ ನಗದಾಗಿ ತೆಗೆದುಕೊಂಡಿದ್ದರೆ ಆ ದುಡ್ಡಿಗೆ ದಾಖಲೆಯಿಲ್ಲ, ಆ ದುಡ್ಡಿನಲ್ಲಿ ಇಲ್ಲಿ ಮನೆ ಕೊಳ್ಳಲಾಗದು. ತಂದೆತಾಯಿ ಕೊಟ್ಟ ದುಡ್ಡಾದರೆ ದಾನವೆಂಬ ಪತ್ರದ ಜೊತೆ ಅವರ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಕೇಳುತ್ತಾರೆ.

ಇನ್ನು ಕಡಲಿನ ವಿಚಾರ. ಇಂಗ್ಲೆಂಡಿನ ಕರಾವಳಿಯ ಪ್ರತಿ ತುಂಡಿಗೂ ಶೋರ್‌ಲೈನ್ ಮ್ಯಾನೇಜ್‌ಮೆಂಟ್ ಪ್ಲಾನ್ (ಅಲ್ಲಿನ ಕಡಲಂಚನ್ನು ಕಾಯಬೇಕೋ ಬಿಡಬೇಕೋ ಎಂದು ಹೇಳುವ ಯೋಜನೆ) ಇದೆ, ಯಾರು ಬೇಕಾದರೂ ಓದಬಹುದು. ‘ಹೋಲ್ಡ್ ದಿ ಲೈನ್’ ಅಂದರೆ ತಡೆಗೋಡೆಯನ್ನು ಉಳಿಸಿಕೊಳ್ಳುವ ಉದ್ದೇಶವಿದೆ. ‘ನೋ ಆ್ಯಕ್ಟಿವ್ ಇಂಟರ್‌ವೆನ್ಷನ್’ ಅಂದರೆ ಕಡಲು ಕೊರೆದಷ್ಟು ಕೊರೆಯಲಿ ಎಂದು ಬಿಟ್ಟದ್ದು. ಒಂದೇ ಜಾಗಕ್ಕೆ 2055ರವರೆಗೆ ಒಂದು ನೀತಿ, ಆಮೇಲೆ ಇನ್ನೊಂದು ಇರಬಹುದು, ಆದ್ದರಿಂದ ಎಲ್ಲ ಅವಧಿಗಳನ್ನೂ ಓದಿ. ನಾರ್ಫೋಕ್‌ನ ಹೆಮ್ಸ್‌ಬಿಯಲ್ಲಿ 2013, 2018, 2023ರಲ್ಲಿ ಮರಳದಿಬ್ಬ ಕುಸಿದು ಮನೆಗಳೇ ಹೋದವು. ಕೊರೆತಕ್ಕೆ ಮಾಮೂಲಿ ಗೃಹವಿಮೆ ಹಣ ಕೊಡುವುದಿಲ್ಲ, ಸರ್ಕಾರ ಮನೆಯ ಬೆಲೆ ಕಟ್ಟಿಕೊಡುವುದೂ ಇಲ್ಲ. ಪ್ರವಾಹದ ಕಥೆ ಬೇರೆ. ವಿಮೆ ಕೈಗೆಟುಕುವಂತೆ ಮಾಡಲು ಫ್ಲಡ್ ರೀ ಯೋಜನೆ ಇದೆ, ಆದರೆ 2009ರ ಜನವರಿ 1ರ ನಂತರ ಕಟ್ಟಿದ ಮನೆಗಳಿಗೆ ಅದು ಸಿಗದು. ಹೊಸ ಮನೆ ಸುರಕ್ಷಿತ ಎಂದುಕೊಂಡವರು ಇದನ್ನು ಗಮನಿಸಬೇಕು.

ಮನೆ ನೋಡಲು ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ, ನೀರು ಪೂರ್ತಿ ಏರಿರುವ ಭರತದ ಹೊತ್ತಿಗೆ, ಅದೂ ಜನವರಿಯಲ್ಲೇ ಹೋಗಿ. ಉಬ್ಬರ ದೊಡ್ಡದಿರುವ ದಿನಗಳವು. ಅಲೆ ರಸ್ತೆ ದಾಟುತ್ತದೆಯೇ, ಬೇಸಿಗೆಯ ಬಸ್ಸು ಚಳಿಗಾಲದಲ್ಲೂ ಓಡುತ್ತದೆಯೇ ಎಂಬುದು ಆಗಲೇ ಗೊತ್ತಾಗುವುದು.

ಗೋಡೆಯನ್ನು ಹತ್ತಿರದಿಂದ ನೋಡಿ. ಇಲ್ಲಿನ ಮನೆಗಳಿಗೆ ಸಾಮಾನ್ಯವಾಗಿ ಎರಡು ಪದರದ ಇಟ್ಟಿಗೆ ಗೋಡೆ, ನಡುವೆ ಟೊಳ್ಳು, ಎರಡನ್ನೂ ಹಿಡಿದಿಡುವ ಉಕ್ಕಿನ ವಾಲ್ ಟೈ. 1981ಕ್ಕೆ ಮುಂಚಿನ ಟೈಗಳ ಸತುವಿನ ಲೇಪ ತೆಳ್ಳಗಿದ್ದು, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ. ತುಕ್ಕು ಹಿಡಿದ ಉಕ್ಕು ಉಬ್ಬಿ ಗಾರೆಯನ್ನು ಎತ್ತುತ್ತದೆ. ಹಾಗಾಗಿ ಸುಮಾರು ಆರು ಇಟ್ಟಿಗೆ ಸಾಲಿಗೊಂದರಂತೆ, ಅಂದರೆ 45 ಸೆಂಟಿಮೀಟರಿಗೊಂದು ಅಡ್ಡಬಿರುಕು ಕಂಡರೆ ಅದು ಟೈಗಳ ಕೆಲಸವೇ ಇರಬೇಕು. ಸಣ್ಣ ತೂತು ಕೊರೆದು ಕ್ಯಾಮೆರಾ ಬಿಟ್ಟು ನೋಡಿಸಿ, ಸ್ಟೇನ್‌ಲೆಸ್ ಸ್ಟೀಲ್ ಟೈ ಹಾಕುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಟೊಳ್ಳಿಗೆ ಇನ್ಸುಲೇಷನ್ ತುಂಬಿದ್ದರೆ ಗಾಳಿ ಹೊಡೆದ ಮಳೆನೀರು ಅದರ ಮೂಲಕ ಒಳಗೋಡೆಗೆ ದಾಟುವುದುಂಟು. ಕಾರ್ನ್‌ವಾಲ್, ದಕ್ಷಿಣ ಡೆವನ್‌ನ ಹಳೆಯ ಕಾಂಕ್ರೀಟ್ ಮನೆಗಳಿಗೆ ಮಂಡಿಕ್ ಪರೀಕ್ಷೆ ಬೇಕೇ ಬೇಕು, ಗಣಿತ್ಯಾಜ್ಯ ಬೆರೆತ ಕಾಂಕ್ರೀಟ್ ಪುಡಿಯಾಗುತ್ತದೆ. ಬ್ಯಾಂಕಿನ ಮೌಲ್ಯಮಾಪನ ಇಷ್ಟು ಆಳಕ್ಕೆ ಇಳಿದು ನೋಡುವುದಿಲ್ಲ. ಹಳೆಯ ಮನೆಗೆ ಆರ್‌ಐಸಿಎಸ್ ಲೆವೆಲ್ 3 ಸರ್ವೆ (ಕಟ್ಟಡದ ಕೂಲಂಕಷ ಪರೀಕ್ಷೆ) ನೀವೇ ಮಾಡಿಸಿ.

ಹಕ್ಕಿನ ದಾಖಲೆ ನೋಡುವುದು ಸುಲಭ. ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಆನ್‌ಲೈನಾಗಿಯೇ ಟೈಟಲ್ ರಿಜಿಸ್ಟರ್ ತೆಗೆದರೆ ಮಾಲೀಕರು ಯಾರು, ಸಾಲವಿದೆಯೇ ಎಂಬುದೆಲ್ಲ ಕಾಣುತ್ತದೆ. ಫ್ಲಾಟಾದರೆ ಲೀಸ್ (ಇಷ್ಟು ವರ್ಷ ಎಂದು ಗೊತ್ತುಮಾಡಿದ ಹಕ್ಕು, ಬೆಂಗಳೂರಿನ ಬಾಡಿಗೆ ಲೀಸಲ್ಲ) ಎಷ್ಟು ವರ್ಷ ಉಳಿದಿದೆ ನೋಡಿ, 80ಕ್ಕಿಂತ ಕಡಿಮೆಯಿದ್ದರೆ ಮುಂದುವರಿಸುವುದು ದುಬಾರಿ. ರಜಾ ಪಾರ್ಕುಗಳಲ್ಲಿ ಅಗ್ಗಕ್ಕೆ ಸಿಗುವ ಶ್ಯಾಲೆ ಎಂಬ ಪುಟ್ಟ ರಜಾಮನೆ, ಕ್ಯಾರವಾನ್‌ಗಳನ್ನು ಮನೆ ಎಂದುಕೊಳ್ಳಬೇಡಿ: ಅನೇಕ ಕಡೆ ನೆಲ ನಿಮ್ಮದಲ್ಲ, ವರ್ಷಪೂರ್ತಿ ವಾಸಕ್ಕೆ ಅನುಮತಿಯೂ ಇಲ್ಲ.

ಬೆಲೆ ಒಪ್ಪಿದ ಮಾತ್ರಕ್ಕೆ ಏನೂ ಆಗಿಲ್ಲ, ಟೋಕನ್ ಅಡ್ವಾನ್ಸ್ ಪದ್ಧತಿ ಇಲ್ಲಿಲ್ಲ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ (ಸಹಿ ಹಾಕಿದ ಕರಾರನ್ನು ಎರಡೂ ಕಡೆಯವರು ಬದಲಾಯಿಸಿಕೊಂಡು ಬದ್ಧರಾಗುವುದು) ಆಗುವವರೆಗೆ ಮಾರುವವರು ಹೆಚ್ಚು ಕೊಡುವವರ ಕಡೆ ತಿರುಗಬಹುದು, ನೀವೂ ಹಿಂದೆ ಸರಿಯಬಹುದು. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ 10% ಕಟ್ಟಬೇಕು, ಆಮೇಲೆ ಬಿಟ್ಟರೆ ಅದು ಹೋದಂತೆಯೇ. ಅಂದಿನಿಂದಲೇ ಮನೆಗೆ ಆಗುವ ಹಾನಿಯ ಹೊಣೆ ಸಾಮಾನ್ಯವಾಗಿ ನಿಮ್ಮದು, ಬೀಗದ ಕೈ ಇನ್ನೂ ಸಿಕ್ಕಿರದಿದ್ದರೂ. ಆದ್ದರಿಂದ ಕಟ್ಟಡದ ವಿಮೆ ಎಕ್ಸ್‌ಚೇಂಜ್ ದಿನದಿಂದ ಜಾರಿಯಲ್ಲಿರಬೇಕು, ವಿಮೆಯ ಕೊಟೇಶನ್ ಅದಕ್ಕೂ ಮುಂಚೆಯೇ, ಆಫರ್ ಕೊಡುವ ಮೊದಲೇ ತರಿಸಿಕೊಳ್ಳಿ.